ಎಪಿಡ್ಯೂರಲ್ ತಗೊಂಡ್ರೆ ಸೊಂಟ ಹೋಗುತ್ತಾ? ಹೆರಿಗೆ ನೋವು, ಪೆಲ್ವಿಕ್ ಫ್ಲೋರ್ ಬಗ್ಗೆ ಒಂದಷ್ಟು ಮಾತು

(ಮೈಸೂರಿನ ಒಂದು ಮಹಿಳಾ ಸಮಾಜದಲ್ಲಿ ಬಸುರಿಯರಿಗೆ, ಅವರ ಮನೆಯವರಿಗೆ ಅಂತ ಮಾತಾಡಿದ್ದು. ಮಾತಾಡಿದ ಹಾಗೇ ಬರೆದಿದೀನಿ, ಮಧ್ಯೆ ಬಂದ ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ನಾನು ಪೆಲ್ವಿಕ್ ಫ್ಲೋರ್ (ಕೆಳಹೊಟ್ಟೆಯ ತಳದಲ್ಲಿರೋ ಸ್ನಾಯುಗಳು) ಫಿಸಿಯೋಥೆರಪಿಸ್ಟ್, ಅಂದ್ರೆ ಹೆರಿಗೆ ಆದ್ಮೇಲೆ ಕೆಮ್ಮಿದ್ರೆ ಯೂರಿನ್ ಲೀಕ್ ಆಗುತ್ತೆ, ಕೆಳಗಡೆ ಏನೋ ಜಾರಿದ ಹಾಗಿದೆ, ಹೊಲಿಗೆ ಹಾಕಿದ ಜಾಗ ಇನ್ನೂ ನೋಯುತ್ತೆ ಅಂತ ಬರೋ ಹೆಂಗಸರ ಜೊತೆ ದಿನಾ ಕೆಲಸ ಮಾಡೋಳು. ಅರಿವಳಿಕೆ ಡಾಕ್ಟರ್ ಅಲ್ಲ, ಇಂಜೆಕ್ಷನ್ ಕೊಡೋದು ನನ್ನ ಕೆಲಸ ಅಲ್ಲ. ಆದ್ರೆ ನನ್ನ ಹತ್ರ ಬರೋರಲ್ಲಿ ತುಂಬಾ ಜನ ಮಾತು ಶುರು ಮಾಡೋದೇ "ಮೇಡಂ, ಬೆನ್ನಿಗೆ ಇಂಜೆಕ್ಷನ್ ತಗೊಂಡೆ ನೋಡಿ, ಅದಕ್ಕೇ ಹಿಂಗಾಯ್ತು" ಅಂತ. ಅತ್ತೆ ಹೇಳಿರ್ತಾರೆ, ಪಕ್ಕದ ಮನೆ ಆಂಟಿ ಹೇಳಿರ್ತಾರೆ, ಕೊನೆಗೆ ಅವರಿಗೂ ಅದೇ ನಿಜ ಅನ್ಸಿರುತ್ತೆ.

ನಾನು ಇವತ್ತು ಹೇಳೋಕೆ ಬಂದಿರೋದು ಇಷ್ಟು. ಎಪಿಡ್ಯೂರಲ್, ಅಂದ್ರೆ ಹೆರಿಗೆ ನೋವು ಕಮ್ಮಿ ಮಾಡೋಕೆ ಬೆನ್ನಿಗೆ ಕೊಡೋ ಇಂಜೆಕ್ಷನ್, ನಿಮ್ಮ ಪೆಲ್ವಿಕ್ ಫ್ಲೋರ್ ಹಾಳು ಮಾಡಲ್ಲ, ಹಾಗಂತ ತಾನಾಗೇ ಕಾಪಾಡೋದೂ ಇಲ್ಲ. ಅದು ಕೊಟ್ಟ ಮೇಲೆ ಲೇಬರ್ ರೂಮಲ್ಲಿ ನಿಮ್ಮನ್ನ ಹೇಗೆ ನೋಡ್ಕೋತಾರೆ, ಹೇಗೆ ಮಲಗಿಸಿ ಮುಕ್ಕಿಸ್ತಾರೆ, ಮೂತ್ರಕೋಶ ಖಾಲಿ ಆಗಿದೆಯಾ ಅಂತ ಯಾರಾದ್ರೂ ನೋಡ್ತಾರಾ, ಆಮೇಲೆ ಹೊಲಿಗೆ ಎಷ್ಟು ಎಚ್ಚರದಿಂದ ಹಾಕ್ತಾರೆ, ಎಲ್ಲಾ ನಿಂತಿರೋದು ಅದರ ಮೇಲೆ.

ಮೊದಲು ಒಂದು ಗೊಂದಲ ಬಿಡಿಸೋಣ. ನಮ್ಮಲ್ಲಿ ಬೆನ್ನಿಗೆ ಇಂಜೆಕ್ಷನ್ ಅಂದ್ರೆ ಎರಡು ಬೇರೆ ಬೇರೆ ವಿಷಯ ಒಂದರಲ್ಲೊಂದು ಸೇರ್ಕೊಂಡಿದೆ. ಸಿಸೇರಿಯನ್‌ಗೆ ಹೆಚ್ಚಾಗಿ ಕೊಡೋದು ಸ್ಪೈನಲ್. ಅದು ಒಂದೇ ಸಲ, ತೆಳ್ಳನೆ ಸೂಜಿ, ಬೆನ್ನುಹುರಿ ಸುತ್ತ ಇರೋ ನೀರಿಗೇ ಔಷಧಿ ಹೋಗುತ್ತೆ, ಕೆಲವೇ ನಿಮಿಷದಲ್ಲಿ ಎದೆಯಿಂದ ಕೆಳಗೆ ಪೂರ್ತಿ ಜೋಮು ಹಿಡಿದು ಕಾಲು ಎತ್ತೋಕೇ ಆಗಲ್ಲ. ಎಪಿಡ್ಯೂರಲ್‌ನಲ್ಲಿ ಸೂಜಿ ಆ ನೀರಿನ ಚೀಲದ ಒಳಗೆ ಹೋಗೋದೇ ಇಲ್ಲ, ಅದರ ಹೊರಗಡೆ ಇರೋ ಜಾಗದಲ್ಲೇ ನಿಲ್ಲುತ್ತೆ, ಅಲ್ಲಿ ಒಂದು ಸಣ್ಣ ಟ್ಯೂಬ್ ಬಿಟ್ಟು ಸೂಜಿ ತೆಗೆದುಬಿಡ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31.5 ಹೆರಿಗೆ ಸಿಸೇರಿಯನ್, ದೇಶದ ಸರಾಸರಿ 21.5. ಹಾಗಾಗಿ ನಿಮ್ಮ ಅಕ್ಕ, ಅತ್ತಿಗೆ, ನಾದಿನಿ ಬೆನ್ನಿನ ಇಂಜೆಕ್ಷನ್ ಕಥೆ ಹೇಳ್ತಿದ್ರೆ ಅದು ಹೆಚ್ಚಿನ ಸಲ ಸ್ಪೈನಲ್ ಕಥೆ, ಅದರ ಜೊತೆಗೆ ಆಪರೇಷನ್ ಗಾಯದ ಕಥೆ. ಸಾಮಾನ್ಯ ಹೆರಿಗೆಗೆ ಕೊಡೋ ಎಪಿಡ್ಯೂರಲ್ ಕಂಡೋರು ನಮ್ಮಲ್ಲಿ ಇನ್ನೂ ಕಮ್ಮಿ.

ಅದು ಹೇಗೆ ನಡೆಯುತ್ತೆ ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಅರ್ಧ ಭಯ ಗೊತ್ತಿಲ್ಲದೆ ಬರೋದು. ಮಂಚದ ಅಂಚಲ್ಲಿ ಕೂತು ದಿಂಬು ತಬ್ಕೊಂಡು ಬೆನ್ನು ಬಗ್ಗಿಸಬೇಕು, ಆಗದಿದ್ರೆ ಮಗ್ಗುಲಾಗಿ ಮುದುರಿ ಮಲಗಬೇಕು. ಸೊಂಟದ ಎರಡೂ ಪಕ್ಕ ಕೈಗೆ ಮೂಳೆ ಸಿಗುತ್ತಲ್ಲ, ಆ ಮಟ್ಟದ ಆಸುಪಾಸಲ್ಲೇ ಡಾಕ್ಟರ್ ಜಾಗ ಹುಡುಕ್ತಾರೆ, ಬೆನ್ನುಹುರಿ ಅದಕ್ಕಿಂತ ಮೇಲೇ ಮುಗಿದಿರುತ್ತೆ, ಸೂಜಿ ಬೆನ್ನುಹುರಿಗೆ ಚುಚ್ಚುತ್ತೆ ಅನ್ನೋ ಭಯ ಅದಕ್ಕೇ ಬೇಡ ಅನ್ನೋದು. ತಣ್ಣಗೆ ಔಷಧಿ ಸವರಿ, ಚರ್ಮ ಮರಗಟ್ಟೋಕೆ ಒಂದು ಸಣ್ಣ ಇಂಜೆಕ್ಷನ್, ಅದು ಚುರ್ ಅನ್ನುತ್ತೆ, ಆಮೇಲೆ ಒತ್ತಿದ ಹಾಗೆ ಅನ್ಸುತ್ತೆ. ಮಧ್ಯೆ ನೋವು ಬಂದ್ರೆ "ನೋವು ಬರ್ತಿದೆ" ಅಂತ ಹೇಳಿ, ಅವರು ಕೈ ನಿಲ್ಲಿಸಿ ಕಾಯ್ತಾರೆ, ನೀವು ಅಲ್ಲಾಡಬಾರದು ಅಷ್ಟೇ. ಟ್ಯೂಬ್ ಬೆನ್ನಿಗೆ ಅಂಟಿಸಿ ಭುಜದ ಮೇಲಿಂದ ತಂದು ಪಂಪಿಗೆ ಹಾಕ್ತಾರೆ, ಹದಿನೈದು ಇಪ್ಪತ್ತು ನಿಮಿಷದಲ್ಲಿ ನೋವು ಇಳಿಯುತ್ತೆ, ಬಿಪಿ ಪದೇ ಪದೇ ನೋಡ್ತಾ ಇರ್ತಾರೆ ಯಾಕಂದ್ರೆ ಶುರುವಲ್ಲಿ ಇಳಿಯಬಹುದು. ಕೆಲವರಿಗೆ ನಡುಕ, ತುರಿಕೆ, ಸ್ವಲ್ಪ ಜ್ವರ. ಸೂಜಿ ತಪ್ಪಿ ಆ ಚೀಲಕ್ಕೆ ತಾಗಿದ್ರೆ ಕೂತಾಗ ನಿಂತಾಗ ಜೋರು ತಲೆನೋವು ಬರುತ್ತೆ, ನೂರರಲ್ಲಿ ಸುಮಾರು ಒಬ್ಬರಿಗೆ, ಅದಕ್ಕೆ ಚಿಕಿತ್ಸೆ ಇದೆ. ಪ್ಲೇಟ್ಲೆಟ್ ತುಂಬಾ ಕಮ್ಮಿ ಇದ್ರೆ, ರಕ್ತ ತೆಳುವಾಗೋ ಮಾತ್ರೆ ಇಂಜೆಕ್ಷನ್ ನಡೀತಿದ್ರೆ, ಬೆನ್ನ ಮೇಲೆ ಇನ್ಫೆಕ್ಷನ್ ಇದ್ರೆ ಕೊಡಲ್ಲ. ಅದಕ್ಕೇ ಹೇಳೋದು, ನೋವು ಶುರುವಾದ ಮೇಲೆ ಅಲ್ಲ, ಎಂಟನೇ ತಿಂಗಳಲ್ಲೇ ಈ ಮಾತು ಡಾಕ್ಟರ್ ಹತ್ರ ಆಡಿ ಮುಗಿಸಿ.

ಇನ್ನು ಸೊಂಟನೋವು. ಪ್ರಪಂಚದ ಬೇರೆ ಬೇರೆ ಕಡೆ ನಡೆದ 40 ಪ್ರಯೋಗಗಳನ್ನ ಒಟ್ಟು ಹಾಕಿ 2018ರಲ್ಲಿ ಕೊಕ್ರೇನ್ ಅನ್ನೋ ಸಂಸ್ಥೆ ಒಂದು ದೊಡ್ಡ ವಿಮರ್ಶೆ ಮಾಡಿದೆ, 11,000ಕ್ಕೂ ಹೆಚ್ಚು ಹೆಂಗಸರು ಅದರಲ್ಲಿದ್ರು. ಎಪಿಡ್ಯೂರಲ್ ತಗೊಂಡೋರಿಗೂ ತಗೊಳ್ಳದೋರಿಗೂ ಬಹಳ ದಿನ ಉಳಿಯೋ ಬೆನ್ನುನೋವಲ್ಲಿ ವ್ಯತ್ಯಾಸ ಕಾಣಲಿಲ್ಲ, ಸಿಸೇರಿಯನ್ ಕೂಡ ಜಾಸ್ತಿ ಆಗಲಿಲ್ಲ. ಸೂಜಿ ಹಾಕಿದ ಜಾಗ ಕೆಲವು ದಿನ ಮುಟ್ಟಿದ್ರೆ ನೋಯಬಹುದು, ಅದು ನಿಜ. ಆದ್ರೆ ಆರು ತಿಂಗಳಾದ್ರೂ ಹೋಗದ ಸೊಂಟನೋವಿಗೆ ಕಾರಣ ಬೇರೆ ಇರುತ್ತೆ, ಬಸುರಲ್ಲಿ ಸಡಿಲ ಆದ ಕೀಲುಗಳು, ಸೋತ ಹೊಟ್ಟೆ ಸ್ನಾಯು, ಗಂಟೆಗಟ್ಟಲೆ ಬಗ್ಗಿ ಹಾಲೂಡಿಸೋದು, ನಿದ್ದೆ ಇಲ್ಲದಿರೋದು. ಇವನ್ನೆಲ್ಲಾ ಸರಿ ಮಾಡೋಕೆ ದಾರಿ ಇದೆ, ಇಂಜೆಕ್ಷನ್ ಮೇಲೆ ಹಾಕಿ ಕೂತ್ರೆ ಆ ದಾರಿ ಹುಡುಕೋದೇ ಇಲ್ಲ ನೋಡಿ, ನನಗೆ ಬೇಜಾರಾಗೋದು ಅದಕ್ಕೆ.

ಈಗ ಪೆಲ್ವಿಕ್ ಫ್ಲೋರ್. ಮುಂದೆ ಗುಪ್ತಾಂಗದ ಮೂಳೆಯಿಂದ ಹಿಂದೆ ಬಾಲದ ಮೂಳೆವರೆಗೆ ಜೋಳಿಗೆ ಕಟ್ಟಿದ ಹಾಗೆ ಸ್ನಾಯುಗಳಿವೆ, ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರೂ ಅದರ ಮೇಲೆ ಕೂತಿವೆ. ಮೂತ್ರ, ಮಲ, ಗ್ಯಾಸ್ ಹಿಡಿದಿಡೋದು, ಬೇಕಾದಾಗ ಬಿಡೋದು ಎಲ್ಲಾ ಇದರ ಕೆಲಸ. ಮಗುವಿನ ತಲೆ ಹೊರಗೆ ಬರುವಾಗ ಇದರ ಒಳಭಾಗದ ಸ್ನಾಯು ತನ್ನ ಉದ್ದದ ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗುತ್ತೆ ಅಂತ ಕಂಪ್ಯೂಟರ್ ಮಾದರಿಗಳಲ್ಲಿ ಲೆಕ್ಕ ಹಾಕಿದಾರೆ. ಕೈಕಾಲಿನ ಯಾವ ಸ್ನಾಯುನೂ ಅಷ್ಟು ಹಿಗ್ಗಿಸಿದ್ರೆ ಉಳಿಯಲ್ಲ, ಇದು ಬಹುಪಾಲು ಜನರಲ್ಲಿ ತಡ್ಕೊಂಡು ವಾಪಸ್ ಬರುತ್ತೆ, ಆದ್ರೆ ಕೆಲವರಲ್ಲಿ ಮೂಳೆಗೆ ಅಂಟಿಕೊಂಡ ಜಾಗದಿಂದ ಕಿತ್ತು ಬರುತ್ತೆ, ಮತ್ತೆ ಅದಕ್ಕೆ ಹೋಗೋ ನರ ಎಳೆದು ಕೆಲವು ತಿಂಗಳು ಮಂಕಾಗುತ್ತೆ. ಹೀಗೆ ಆಗೋ ಸಾಧ್ಯತೆ ಜಾಸ್ತಿ ಮಾಡೋ ವಿಷಯಗಳು ಗೊತ್ತಿವೆ: ಫೋರ್ಸೆಪ್ಸ್ (ಮಗುವಿನ ತಲೆ ಹಿಡಿದು ಎಳೆಯೋ ಇಕ್ಕಳ) ಹಾಕೋದು, ಮುಕ್ಕೋ ಹಂತ ತುಂಬಾ ಉದ್ದ ಆಗೋದು, ಮಗುವಿನ ತಲೆ ದೊಡ್ಡದಿರೋದು, ತಾಯಿಗೆ ವಯಸ್ಸು ಜಾಸ್ತಿ ಇದ್ದು ಮೊದಲ ಹೆರಿಗೆ ಆಗಿರೋದು. ತಲೆಗೆ ಬಟ್ಟಲಿನಂಥ ಸಾಧನ ಅಂಟಿಸಿ ಎಳೆಯೋ ವ್ಯಾಕ್ಯೂಮ್‌ನಿಂದ ಈ ಸ್ನಾಯುಗೆ ಆಗೋ ಏಟು ಫೋರ್ಸೆಪ್ಸ್‌ಗಿಂತ ಕಮ್ಮಿ.

ಎಪಿಡ್ಯೂರಲ್ ಇಲ್ಲಿ ಎಲ್ಲಿ ಬರುತ್ತೆ ಅಂದ್ರೆ, ಹಿಂದೆ ಔಷಧಿ ಗಟ್ಟಿಯಾಗಿ ಕೊಡ್ತಿದ್ರು, ನೋವಿನ ಜೊತೆ ಕಾಲಿನ ಶಕ್ತಿನೂ ಹೋಗ್ತಿತ್ತು, ಮುಕ್ಕಬೇಕು ಅನ್ನೋ ಒತ್ತಡನೇ ಗೊತ್ತಾಗ್ತಿರಲಿಲ್ಲ, ಕೊನೆಗೆ ಇಕ್ಕಳ ಹಾಕಿ ಎಳೀಬೇಕಾಗ್ತಿತ್ತು. ಆ ಕಾಲದಲ್ಲಿ ಎಪಿಡ್ಯೂರಲ್ ಬಗ್ಗೆ ಬಂದ ಕೆಟ್ಟ ಹೆಸರಿಗೆ ಆಧಾರ ಇತ್ತು, ಸುಳ್ಳಲ್ಲ. 2001ರಲ್ಲಿ ಬ್ರಿಟನ್ನಿನ ಕಾಮೆಟ್ ಅನ್ನೋ ಅಧ್ಯಯನದಲ್ಲಿ ಹಳೇ ಗಟ್ಟಿ ಡೋಸ್ ತಗೊಂಡೋರಲ್ಲಿ ನೂರಕ್ಕೆ 35 ಜನಕ್ಕೆ ಯಾವ ಸಾಧನ ಇಲ್ಲದೆ ಸಹಜ ಹೆರಿಗೆ ಆಯ್ತು, ಕಮ್ಮಿ ಡೋಸ್ ತಗೊಂಡೋರಲ್ಲಿ 43 ಜನಕ್ಕೆ. ಕೊಕ್ರೇನ್ ವಿಮರ್ಶೆಯಲ್ಲೂ ಒಟ್ಟು ಲೆಕ್ಕದಲ್ಲಿ ಎಪಿಡ್ಯೂರಲ್ ಇದ್ರೆ ವ್ಯಾಕ್ಯೂಮ್ ಫೋರ್ಸೆಪ್ಸ್ ಜಾಸ್ತಿ ಅಂತಲೇ ಬಂತು, ಆದ್ರೆ 2005ರ ನಂತರದ ಪ್ರಯೋಗಗಳನ್ನ ಮಾತ್ರ ನೋಡಿದ್ರೆ ಆ ವ್ಯತ್ಯಾಸ ಕಾಣಲ್ಲ. ಈಗಿನ ಔಷಧಿ ಎಷ್ಟು ತೆಳು ಅಂದ್ರೆ ಮರಗಟ್ಟಿಸೋ ಔಷಧಿ ಬುಪಿವಕೇನ್ 0.1% ಅಥವಾ ಅದಕ್ಕಿಂತ ಕಮ್ಮಿ, ಜೊತೆಗೆ ಒಂಚೂರು ಫೆಂಟನಿಲ್ ಅನ್ನೋ ನೋವಿನ ಔಷಧಿ. ಹಿಂದೆ 0.25% ಕೊಡ್ತಿದ್ರು. ಅದಕ್ಕೇ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಎಪಿಡ್ಯೂರಲ್ ಕೊಡ್ತೀರಾ" ಅಂತ ಅಲ್ಲ, "ಕಮ್ಮಿ ಡೋಸಿಂದು ಕೊಡ್ತೀರಾ, ನಾನು ಕಾಲು ಆಡಿಸೋಕೆ ಆಗುತ್ತಾ" ಅಂತ.

ಎರಡನೇದು ಮುಕ್ಕೋ ವಿಷಯ. ಎಪಿಡ್ಯೂರಲ್ ಇದ್ದಾಗ ಎದ್ದು ಕೂತು ಮುಕ್ಕಿದ್ರೆ ಒಳ್ಳೇದು ಅಂತ ನಾವೆಲ್ಲಾ ಅಂದ್ಕೊಂಡಿದ್ವಿ, ಗುರುತ್ವಾಕರ್ಷಣೆ ಸಹಾಯ ಮಾಡುತ್ತಲ್ಲ ಅಂತ. ಬ್ರಿಟನ್ನಿನ 41 ಆಸ್ಪತ್ರೆಗಳಲ್ಲಿ ಮೊದಲ ಹೆರಿಗೆಯವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಬಂಪ್ಸ್ ಅಧ್ಯಯನದಲ್ಲಿ ಉಲ್ಟಾ ಬಂತು: ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಿದವರಲ್ಲಿ 41.1% ಸಹಜ ಹೆರಿಗೆ, ನೆಟ್ಟಗೆ ಇದ್ದವರಲ್ಲಿ 35.2%. ನೆನಪಿಡಿ, ಮಗ್ಗುಲಾಗಿ, ಅಂಗಾತ ಅಲ್ಲ. ನಮ್ಮ ಲೇಬರ್ ರೂಮ್‌ಗಳಲ್ಲಿ ಅಂಗಾತ ಮಲಗಿಸಿ ಕಾಲು ಮೇಲೆ ಕಟ್ಟಿ "ಮುಕ್ಕಮ್ಮಾ, ಉಸಿರು ಕಟ್ಟಿ ಮುಕ್ಕು" ಅಂತ ಸುತ್ತ ನಾಲ್ಕು ಜನ ಕೂಗೋದು ಇನ್ನೂ ಇದೆ, ಕೆಲವು ಕಡೆ ಹೊಟ್ಟೆ ಮೇಲೆ ಕೈ ಇಟ್ಟು ಒತ್ತೋದೂ ಇದೆ. ಹೊಟ್ಟೆ ಒತ್ತಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಅದೇ ಮಾರ್ಗಸೂಚಿ ಮಗು ಬರೋ ದಾರಿ ದೊಡ್ಡದಾಗಲಿ ಅಂತ ಎಲ್ಲರಿಗೂ ರೂಢಿಯಾಗಿ ಯೋನಿ ಬಾಯಿಗೆ ಕತ್ತರಿ ಹಾಕೋದು ಬೇಡ ಅಂದಿದೆ, ತಲೆ ಬರೋ ಹೊತ್ತಲ್ಲಿ ಅಲ್ಲಿ ಬೆಚ್ಚನೆ ಬಟ್ಟೆ ಇಡೋದು ಒಳ್ಳೇದು ಅಂದಿದೆ, ಮತ್ತೆ ನೋವು ಕಮ್ಮಿ ಮಾಡಿ ಅಂತ ಕೇಳೋ ಆರೋಗ್ಯವಂತ ಬಸುರಿಗೆ ಎಪಿಡ್ಯೂರಲ್ ಕೊಡಬಹುದು ಅಂತಲೂ ಹೇಳಿದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಗೆ ಏನು ಖರ್ಚು ಹೇಳಿ? ಅದರಿಂದ ಗುದದ ಸ್ನಾಯುವರೆಗೆ ದೊಡ್ಡದಾಗಿ ಹರಿಯೋದು ಕಮ್ಮಿ ಆಗುತ್ತೆ.

ಇಲ್ಲಿ ಎಪಿಡ್ಯೂರಲ್‌ನಿಂದ ಒಂದು ಅನುಕೂಲನೂ ಇದೆ. ನೋವು ಹಿಡಿತದಲ್ಲಿ ಇದ್ರೆ ತಲೆ ಕಾಣಿಸೋ ಹೊತ್ತಲ್ಲಿ "ಈಗ ಮುಕ್ಕಬೇಡ, ಉಫ್ ಉಫ್ ಅಂತ ಉಸಿರು ಬಿಡು" ಅಂದ್ರೆ ಮಾಡೋಕೆ ಆಗುತ್ತೆ, ತಲೆ ನಿಧಾನಕ್ಕೆ ಬರುತ್ತೆ. ಹರಿದಿದ್ರೂ ಎಷ್ಟು ಹರಿದಿದೆ ಅಂತ ಗುದದ್ವಾರದವರೆಗೆ ಪರೀಕ್ಷೆ ಮಾಡಿ, ಅವಸರ ಇಲ್ಲದೆ, ಹೆಂಗಸು ಚೀರೋ ಹಾಗೆ ಮಾಡದೆ ಹೊಲಿಗೆ ಹಾಕಬಹುದು. ನನ್ನ ಹತ್ರ ಗ್ಯಾಸ್ ತಡೆಯೋಕಾಗಲ್ಲ ಅಂತ ಬರೋರಲ್ಲಿ ಕೆಲವರಿಗೆ ಹೆರಿಗೆ ದಿನ ಆ ಪರೀಕ್ಷೆನೇ ಆಗಿರಲ್ಲ, ಮೇಲೆ ಮೇಲೆ ಹೊಲಿದು ಕಳಿಸಿರ್ತಾರೆ, ಇವರು ನಾಚಿಕೆಗೆ ಮದುವೆ ಮುಂಜಿಗೆ ಹೋಗೋದನ್ನೇ ಬಿಟ್ಟಿರ್ತಾರೆ. ಗಂಡನಿಗೂ ಹೇಳಿರಲ್ಲ.

ಈಗ ಮೂತ್ರಕೋಶ. ಇದನ್ನ ಸ್ವಲ್ಪ ಜಾಸ್ತಿ ಹೊತ್ತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಎಪಿಡ್ಯೂರಲ್ ಇದ್ದಾಗ ಎಷ್ಟೋ ಸಲ ಮೂತ್ರ ಬಂದಿದ್ದು ಗೊತ್ತಾಗಲ್ಲ, ಗೊತ್ತಾದ್ರೂ ಕೆಲವರಿಗೆ ಹೋಗೋಕಾಗಲ್ಲ. ಡ್ರಿಪ್ ನಡೀತಿರುತ್ತೆ, ತುಂಬ್ತಾ ಹೋಗುತ್ತೆ. ಸಾಮಾನ್ಯವಾಗಿ 400-500 ಎಂಎಲ್ ತುಂಬಿದ್ರೆ ನಮಗೆ ತಡೆಯೋಕೆ ಕಷ್ಟ, ಇಲ್ಲಿ ಒಂದು ಲೀಟರ್ ತುಂಬಿದ್ರೂ ಹೆಂಗಸು ಆರಾಮಾಗಿ ಮಾತಾಡ್ತಾ ಇರ್ತಾಳೆ. ಗಂಟೆಗಟ್ಟಲೆ ಹಾಗೇ ಹಿಗ್ಗಿದ್ರೆ ಮೂತ್ರಕೋಶದ ಸ್ನಾಯು ಸೋತು ಹೋಗುತ್ತೆ, ಆಮೇಲೆ ಪೂರ್ತಿ ಖಾಲಿ ಮಾಡೋಕೆ ಬರಲ್ಲ. ಒಬ್ಬ ಹುಡುಗಿ ನನ್ನ ಹತ್ರ ಬಂದಿದ್ಲು, ಹೆಸರು ಬೇಡ, ಆಸ್ಪತ್ರೆ ಹೆಸರೂ ಬೇಡ. ಹೆರಿಗೆ ಚೆನ್ನಾಗೇ ಆಗಿದೆ, ಎಪಿಡ್ಯೂರಲ್ ಚೆನ್ನಾಗೇ ಕೆಲಸ ಮಾಡಿದೆ, ಮಗು ಆರೋಗ್ಯವಾಗಿದೆ. ಸಾಯಂಕಾಲ ಹೆತ್ತೋಳಿಗೆ ಬೆಳಗಿನ ರೌಂಡ್ಸ್‌ವರೆಗೆ ಯಾರೂ ಮೂತ್ರ ಆಯ್ತಾ ಅಂತ ಕೇಳಿಲ್ಲ, ಇವಳು ತೊಟ್ಟು ತೊಟ್ಟು ಬರ್ತಿದೆ, ಹೊಲಿಗೆ ಇರೋದಕ್ಕೆ ಇರಬೇಕು ಅಂತ ಸುಮ್ಮನಿದಾಳೆ. ಆ ತೊಟ್ಟು ತೊಟ್ಟು ಬರೋದೇ ತುಂಬಿ ತುಳುಕ್ತಿರೋ ಲಕ್ಷಣ. ವಾರಗಟ್ಟಲೆ ತಾನೇ ಟ್ಯೂಬ್ ಹಾಕ್ಕೊಂಡು ಖಾಲಿ ಮಾಡೋದು ಕಲಿತ್ಲು ಪಾಪ, ಎದೆಹಾಲು ಕುಡಿಯೋ ಮಗು ಇಟ್ಕೊಂಡು. ಇದನ್ನ ಇಂಜೆಕ್ಷನ್ ತಪ್ಪು ಅಂತೀರಾ? ನೋವಿನ ಹೊತ್ತಲ್ಲಿ ಮೂತ್ರಕೋಶ ಆಗಾಗ ಖಾಲಿ ಮಾಡಿಸಿ, ಹೆರಿಗೆ ಆಗಿ 6 ಗಂಟೆಯೊಳಗೆ ಮೂತ್ರ ಆಯ್ತಾ, ಎಷ್ಟು ಆಯ್ತು ಅಂತ ಒಂದು ಅಳತೆ ಪಾತ್ರೆಯಲ್ಲಿ ನೋಡಿದ್ರೆ ಸಾಕಿತ್ತು. ಹಾಗಾಗಿ ಜೊತೆಗೆ ಹೋಗೋ ಅಮ್ಮ, ಅಕ್ಕ, ಗಂಡ ಯಾರಾದ್ರೂ ಸರಿ, ಗಡಿಯಾರ ನೋಡ್ಕೊಳ್ಳಿ, ಆರು ಗಂಟೆ ಆಗಿ ಮೂತ್ರ ಸರಿಯಾಗಿ ಆಗಿಲ್ಲ ಅಂದ್ರೆ ನರ್ಸ್ ಹತ್ರ ಹೋಗಿ ಹೇಳಿ, ಬೈದ್ರೆ ಬೈಸ್ಕೊಳ್ಳಿ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ ಲಕ್ಷ್ಯ ಯೋಜನೆಯಲ್ಲಿ ಸರ್ಕಾರಿ ಲೇಬರ್ ರೂಮಲ್ಲೂ ಹೆರಿಗೆ ಹೊತ್ತಿಗೆ ಜೊತೆಗೊಬ್ಬರು ಇರಬಹುದು ಅಂತಿದೆ, ಅದನ್ನ ಕೇಳಿ ಪಡೀರಿ.

ಇಲ್ಲಿ ಮುಂದಿನ ಸಾಲಲ್ಲಿದ್ದ ಒಬ್ಬರು ಅಜ್ಜಿ ಎದ್ದು ಕೇಳಿದ್ರು, "ಅಲ್ಲ ಮಗಳೇ, ನಾವೆಲ್ಲಾ ನೋವು ತಿಂದೇ ಹೆತ್ತಿದೀವಿ, ಆರು ಹೆತ್ತಿದೀನಿ ನಾನು. ನೋವೇ ತಿನ್ನದೆ ಹೆತ್ರೆ ಮಕ್ಕಳ ಮೇಲೆ ಕರುಳು ಹೆಂಗೆ ಬರುತ್ತೆ?" ನಾನು ಕೇಳಿದೆ, "ಅಜ್ಜಿ, ನಿಮಗೆ ಹೆಚ್ಚು ಮುದ್ದು ಯಾರು?" "ಕೊನೇ ಮಗ" ಅಂದ್ರು. "ಅವನ ಹೆರಿಗೆಯಲ್ಲಿ ನೋವು ಜಾಸ್ತಿ ಇತ್ತಾ?" "ಇಲ್ಲಮ್ಮ, ಅವನು ಬೇಗ ಹುಟ್ಟಿಬಿಟ್ಟ" ಅಂತ ಅವರೇ ನಕ್ಕುಬಿಟ್ರು. ನೋಡಿ, ನೋವಿಗೂ ಕರುಳಿಗೂ ಗಂಟು ಹಾಕಬೇಡಿ. 1853ರಲ್ಲೇ ವಿಕ್ಟೋರಿಯಾ ರಾಣಿ ತನ್ನ ಎಂಟನೇ ಹೆರಿಗೆಗೆ ಕ್ಲೋರೋಫಾರ್ಮ್ ತಗೊಂಡಳು, ಕೊಟ್ಟೋರು ಡಾಕ್ಟರ್ ಜಾನ್ ಸ್ನೋ, ಲಂಡನ್ನಿನ ಕಾಲರಾ ಕುಡಿಯೋ ನೀರಿನ ಪಂಪಿಂದ ಹರಡ್ತಿದೆ ಅಂತ ಮರುವರ್ಷ ತೋರಿಸಿಕೊಟ್ಟ ಅದೇ ಮನುಷ್ಯ. ಬೆನ್ನಿನ ಎಪಿಡ್ಯೂರಲ್ ವಿಧಾನವನ್ನ ಮೊದಲು ಬರೆದಿಟ್ಟಿದ್ದು 1921ರಲ್ಲಿ ಫಿಡೆಲ್ ಪಾಹೆಸ್ ಅನ್ನೋ ಸ್ಪೇನ್ ಸೈನ್ಯದ ಸರ್ಜನ್. ನೂರು ವರ್ಷ ದಾಟಿದ ವಿಷಯ ಇದು, ನಿನ್ನೆ ಮೊನ್ನೆ ಬಂದ ಶೋಕಿ ಅಲ್ಲ. ಹಾಗಂತ ತಗೊಳ್ಳಲೇಬೇಕು ಅಂತಲೂ ನಾನು ಹೇಳಲ್ಲ, ಓಡಾಡ್ಕೊಂಡು, ಸೊಂಟ ನೀವಿಸ್ಕೊಂಡು, ಬಿಸಿನೀರು ಹಾಕಿಸ್ಕೊಂಡು ಹೆರೋಕೆ ಇಷ್ಟ ಇರೋರು ಹಾಗೇ ಹೆರಲಿ. ಬೇಕು ಅನ್ನೋಳಿಗೆ "ಇಷ್ಟೂ ತಡೆಯೋಕಾಗಲ್ವಾ" ಅನ್ನೋ ಮಾತು ಮಾತ್ರ ಬೇಡ. ನಿಜವಾದ ಕಷ್ಟ ಏನಂದ್ರೆ ಇದಕ್ಕೆ ಇಡೀ ದಿನ ಅರಿವಳಿಕೆ ಡಾಕ್ಟರ್ ಇರಬೇಕು, ಬಹಳಷ್ಟು ತಾಲೂಕು ಆಸ್ಪತ್ರೆಗಳಲ್ಲಿ ಆ ಸೌಕರ್ಯ ಇಲ್ಲ, ಖಾಸಗಿಯಲ್ಲಿ ದುಡ್ಡು ಕೊಡಬೇಕು. ಬಡವಳಿಗೆ ಆಯ್ಕೆನೇ ಇಲ್ಲ ಅನ್ನೋದು ನನಗೆ ಇಂಜೆಕ್ಷನ್ನಿನ ಎಲ್ಲಾ ಸೈಡ್ ಎಫೆಕ್ಟ್‌ಗಿಂತ ದೊಡ್ಡ ಚಿಂತೆ.

ಬಾಣಂತನಕ್ಕೆ ಬರೋಣ. ಬೆಚ್ಚಗೆ ಇಡೋದು, ಎಣ್ಣೆ ನೀರು, ಕೆಲಸಕ್ಕೆ ಬಿಡದೆ ಮಲಗಿಸೋದು, ಇದೆಲ್ಲಾ ಒಳ್ಳೇದೇ, ಬೇರೆ ದೇಶದಲ್ಲಿರೋ ನಮ್ಮ ಹುಡುಗಿಯರು ಇದಕ್ಕಾಗಿ ಅಮ್ಮನ್ನ ಕರೆಸ್ಕೋತಾರೆ. ಎರಡು ಮಾತ್ರ ಬಿಡಿ. ಒಂದು, ನೀರು ಕೊಡದೆ ಇರೋದು. ನೀರು, ಸೊಪ್ಪು, ಹಣ್ಣು ಎಲ್ಲಾ ನಿಲ್ಲಿಸಿದ್ರೆ ಮಲ ಗಟ್ಟಿ ಆಗುತ್ತೆ, ಹೊಲಿಗೆ ಹಾಕಿಸ್ಕೊಂಡೋಳು ಭಯಕ್ಕೆ ತಡೀತಾಳೆ, ಆಮೇಲೆ ತಿಣುಕ್ತಾಳೆ, ಆಗ ತಾನೇ ಹಿಗ್ಗಿ ಸೋತಿರೋ ಸ್ನಾಯು ಮೇಲೆ ಮತ್ತೆ ದಿನಾ ಅದೇ ಒತ್ತಡ. ಎರಡು, ಹೊಟ್ಟೆ ಕರಗಲಿ ಅಂತ ಉಸಿರಾಡೋಕೂ ಆಗದ ಹಾಗೆ ಸೀರೆ ಬಿಗಿದು ಕಟ್ಟೋದು, ಆ ಬಿಗಿ ಕೆಳಕ್ಕೇ ಒತ್ತೋದು. ಹಗುರವಾಗಿ ಆಸರೆಗೆ ಕಟ್ಟಿದ್ರೆ ತೊಂದರೆ ಇಲ್ಲ.

ವ್ಯಾಯಾಮ ಈಗಲೇ ಮಾಡಿ ತೋರಿಸ್ತೀನಿ, ಕೂತಲ್ಲೇ ಮಾಡಬಹುದು, ಪಕ್ಕದವರಿಗೆ ಗೊತ್ತೂ ಆಗಲ್ಲ. ಗ್ಯಾಸ್ ಬರ್ತಿದೆ, ಜನ ಇದಾರೆ, ತಡೀಬೇಕು ಅಂದಾಗ ಹಿಂದೆ ಬಿಗಿ ಹಿಡೀತೀವಲ್ಲ, ಅಲ್ಲಿಂದ ಶುರು ಮಾಡಿ, ಹಾಗೇ ಮುಂದಕ್ಕೆ ಮೂತ್ರದ ಜಾಗದವರೆಗೆ ಬಿಗಿ ಮಾಡಿ ಒಳಗೆ ಮೇಲಕ್ಕೆ ಎಳ್ಕೊಳ್ಳಿ. ಕುಂಡಿ ಬಿಗಿ ಮಾಡಬೇಡಿ, ತೊಡೆ ಒತ್ತಬೇಡಿ, ಉಸಿರು ಕಟ್ಟಬೇಡಿ, ಹೊಟ್ಟೆ ಕೆಳಕ್ಕೆ ತಳ್ಳಬೇಡಿ. ಹಿಡಿದು, ಆಮೇಲೆ ಪೂರ್ತಿ ಬಿಡಿ, ಬಿಡೋದೂ ಅಷ್ಟೇ ಮುಖ್ಯ. ಎಂಟು ಸಲ, ದಿನಕ್ಕೆ ಮೂರು ಹೊತ್ತು, ಕನಿಷ್ಠ ಮೂರು ತಿಂಗಳು. ಬಸುರಲ್ಲೇ ಶುರು ಮಾಡಬೇಕು: ಲೀಕ್ ಇಲ್ಲದ ಬಸುರಿಯರು ಇದನ್ನ ಮಾಡಿದ್ರೆ ಕೊನೇ ತಿಂಗಳುಗಳಲ್ಲಿ ಲೀಕ್ ಆಗೋ ಸಾಧ್ಯತೆ 62% ಕಮ್ಮಿ ಅಂತ 2020ರ ಕೊಕ್ರೇನ್ ವಿಮರ್ಶೆ ಹೇಳುತ್ತೆ. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸಿ ನಿಲ್ಲಿಸಿ ಪ್ರಾಕ್ಟೀಸ್ ಮಾಡೋದು ಬೇಡ. ಎಪಿಡ್ಯೂರಲ್ ತಗೊಂಡೋರಿಗೆ ಮೊದಲ ದಿನ ಅಲ್ಲಿ ಏನೂ ಗೊತ್ತಾಗದೇ ಇರಬಹುದು, ಗಾಬರಿ ಬೇಡ, ಔಷಧಿ ಇಳಿದು ಮೂತ್ರ ಸರಿಯಾಗಿ ಆಗೋಕೆ ಶುರುವಾದ ಮೇಲೆ ಮೆಲ್ಲಗೆ ಪ್ರಯತ್ನ ಮಾಡಿ. ಕೆಮ್ಮು, ಸೀನು ಬರೋಕೆ ಮುಂಚೆ, ಮಗು ಎತ್ತೋಕೆ ಮುಂಚೆ ಒಂದು ಸಲ ಬಿಗಿ ಮಾಡೋ ಅಭ್ಯಾಸ ಮಾಡ್ಕೊಳ್ಳಿ. ಅಲ್ಲಿ ನೋವು, ಬಿಗಿತ ಇರೋರು, ಗಂಡನ ಜೊತೆ ಸೇರೋಕೆ ನೋವಾಗೋರು ಮಾತ್ರ ಇದನ್ನ ತಾವಾಗೇ ಮಾಡಬೇಡಿ, ಅವರಿಗೆ ಮೊದಲು ಸ್ನಾಯು ಸಡಿಲ ಮಾಡೋದು ಕಲಿಸಬೇಕು.

ಹಿಂದಿನ ಸಾಲಿಂದ ಇನ್ನೊಬ್ಬರು, "ಅಕ್ಕಾ, ನನ್ನ ಮಗನಿಗೆ ಈಗ ಒಂಬತ್ತು ವರ್ಷ. ಸ್ಕಿಪ್ಪಿಂಗ್ ಆಡಿದ್ರೆ ಇವತ್ತಿಗೂ ಲೀಕ್ ಆಗುತ್ತೆ. ಈಗ ಮಾಡಿ ಏನು ಉಪಯೋಗ?" ಅಂದ್ರು. ಖಂಡಿತ ಉಪಯೋಗ ಇದೆಯಮ್ಮ, ಮುಟ್ಟು ನಿಂತ ಮೇಲೆ ಶುರು ಮಾಡಿದೋರಿಗೂ ಸುಧಾರಿಸುತ್ತೆ. ಗರ್ಭಕೋಶ ಜಾರಿದೆ ಅಂತ ಹೇಳಿದ್ರೂ ತಕ್ಷಣ ತೆಗೆಸೋಕೆ ಓಡಬೇಡಿ, ಬರೀ ಗರ್ಭಕೋಶ ತೆಗೆದ ಮಾತ್ರಕ್ಕೆ ಕೆಳಗಿನ ಸ್ನಾಯು ಗಟ್ಟಿ ಆಗಲ್ಲ, ಮೊದಲು ವ್ಯಾಯಾಮ ಇದೆ, ಒಳಗೆ ಇಡೋ ಪೆಸರಿ ಅನ್ನೋ ರಿಂಗ್ ಇದೆ, ಅದು ಆಗಲಿಲ್ಲ ಅಂದ್ರೆ ಸರ್ಜರಿ. ಫ್ರಾನ್ಸ್‌ನಲ್ಲಿ ಹೆರಿಗೆ ಆದೋರಿಗೆ ಪೆಲ್ವಿಕ್ ಫ್ಲೋರ್ ತರಬೇತಿಯ ಖರ್ಚನ್ನ ಅಲ್ಲಿನ ಸಾಮಾಜಿಕ ವಿಮೆನೇ ಕೊಡುತ್ತೆ, ನಮ್ಮಲ್ಲಿ ಅದಿಲ್ಲ, ನೀವೇ ಬಾಯಿ ಬಿಟ್ಟು ಕೇಳಬೇಕು. ನಿಮ್ಮ ಹೆರಿಗೆ ಡಾಕ್ಟರ್ ಹತ್ರ "ಪೆಲ್ವಿಕ್ ಫ್ಲೋರ್ ಫಿಸಿಯೋಗೆ ಬರೆದುಕೊಡಿ" ಅಂತ ಹೇಳಿ. ಬರೋಕೆ ಮುಂಚೆ ಮೂರು ದಿನ ಒಂದು ಹಾಳೆಯಲ್ಲಿ ಎಷ್ಟು ಗಂಟೆಗೆ ಏನು ಕುಡಿದ್ರಿ, ಎಷ್ಟು ಗಂಟೆಗೆ ಮೂತ್ರಕ್ಕೆ ಹೋದ್ರಿ, ಯಾವಾಗ ಲೀಕ್ ಆಯ್ತು, ಆಗ ಏನು ಮಾಡ್ತಿದ್ರಿ ಅಂತ ಬರೆದಿಟ್ಟುಕೊಂಡು ಬನ್ನಿ, ಜೊತೆಗೆ ಹೆರಿಗೆ ಆದಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿ. ಹಳೇದಾದ್ರೂ ಪರವಾಗಿಲ್ಲ, ಹರಿದಿದ್ದು ಎಷ್ಟನೇ ಡಿಗ್ರಿ (ಎಷ್ಟು ಆಳ), ವ್ಯಾಕ್ಯೂಮ್ ಹಾಕಿದ್ರಾ ಫೋರ್ಸೆಪ್ಸ್ ಹಾಕಿದ್ರಾ ಅಂತ ಅದರಲ್ಲಿ ಬರೆದಿರುತ್ತೆ, ನಾವು ಮೊದಲು ನೋಡೋದು ಅದನ್ನೇ.